ಮುಚ್ಚಿದ ಕಾರ್ಖಾನೆಯ ನೆಲ ಮತ್ತೆ ಬಳಕೆಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಕಾಲಕ್ಕೆ ಊರಾಚೆ ಇದ್ದ ಕಾರ್ಖಾನೆ, ಊರು ಬೆಳೆದ ಹಾಗೆ ನಡುವೆ ಬಂದು ಕೂರುತ್ತದೆ. ಆಮೇಲೊಂದು ದಿನ ಬಾಗಿಲು ಹಾಕುತ್ತದೆ. ಗೇಟಿಗೆ ಬೀಗ, ಗೋಡೆಯ ಬಿರುಕಿನಲ್ಲಿ ಗಿಡ, ಒಳಗೆ ಎಕರೆಗಟ್ಟಲೆ ಖಾಲಿ ನೆಲ. ಇಂಥ ನೆಲದ ಬಗ್ಗೆ ಜನ ನನ್ನನ್ನು ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಕೇಳುವವರಲ್ಲಿ ಮನೆ ಕೊಳ್ಳಲು ಹೊರಟವರಿದ್ದಾರೆ, ಪಕ್ಕದ ಬೀದಿಯವರಿದ್ದಾರೆ, ಜಾಗ ಕೊಂಡು ಕೈ ಸುಟ್ಟುಕೊಂಡ ಬಿಲ್ಡರುಗಳೂ ಇದ್ದಾರೆ. ನನ್ನ ಕೆಲಸ ನೆಲ ಕೊರೆಸಿ, ಮಾದರಿ ತೆಗೆಸಿ, ಲ್ಯಾಬ್ ವರದಿ ಓದುವುದು. ಹಾಗಾಗಿ ಉತ್ತರಗಳು ಕಟ್ಟಡಕ್ಕಿಂತ ಹೆಚ್ಚಾಗಿ ಮಣ್ಣಿನ ಕಡೆಗೇ ವಾಲುತ್ತವೆ.

ಬ್ರೌನ್‌ಫೀಲ್ಡ್ ಅಂದರೆ ವಿಷ ತುಂಬಿದ ಜಾಗ ಅಂತಲೇ?

ಹಾಗೇನಿಲ್ಲ. ಹಿಂದೆ ಕಾರ್ಖಾನೆಗೋ ಗೋದಾಮಿಗೋ ರೈಲ್ವೆ ಯಾರ್ಡಿಗೋ ಪೆಟ್ರೋಲ್ ಬಂಕಿಗೋ ಬಳಕೆಯಾಗಿ ಈಗ ಪಾಳು ಬಿದ್ದಿರುವ ಜಾಗಗಳನ್ನೆಲ್ಲ ಸಾಮಾನ್ಯವಾಗಿ ಹೀಗೆ ಕರೆಯುತ್ತಾರೆ. ಅಮೆರಿಕದ 2002ರ ಕಾನೂನಿನ ವ್ಯಾಖ್ಯೆ ಇನ್ನೂ ಜಾಣತನದ್ದು: ನೆಲದಲ್ಲಿ ಅಪಾಯಕಾರಿ ವಸ್ತು ಇದ್ದರೂ ಸರಿ, ಇರಬಹುದು ಎಂಬ ಅನುಮಾನವೇ ಮರುಬಳಕೆಗೆ ತೊಡಕಾಗಿದ್ದರೂ ಸರಿ, ಅದು ಬ್ರೌನ್‌ಫೀಲ್ಡ್. ಆ ಅನುಮಾನವನ್ನು ಹಗುರವಾಗಿ ಎಣಿಸಬೇಡಿ. ಅನುಮಾನ ಇದ್ದಲ್ಲಿ ಬ್ಯಾಂಕು ಸಾಲ ಕೊಡಲು ಮೀನಮೇಷ ಎಣಿಸುತ್ತದೆ, ವಿಮೆಯವರು ಹಿಂದೆ ಸರಿಯುತ್ತಾರೆ, ಕೊಳ್ಳುವವನು ಊರಾಚೆಯ ಹೊಲದ ಕಡೆ ಮುಖ ಮಾಡುತ್ತಾನೆ. ಹೀಗೆ ಒಳ್ಳೆಯ ಬೆಳೆ ನೆಲ ಕಾಂಕ್ರೀಟಾಗುತ್ತದೆ. ರಸ್ತೆ, ನೀರು, ಕರೆಂಟು ಎಲ್ಲ ಇರುವ ಊರ ನಡುವಿನ ಜಾಗ ಪಾಳು ಬೀಳುತ್ತದೆ. ಅಮೆರಿಕವೊಂದರಲ್ಲೇ ಇಂಥವು ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಇವೆ ಎಂದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜು.

ಕಾರ್ಖಾನೆ ಮುಚ್ಚಿ ಮೂವತ್ತು ವರ್ಷವಾಯಿತು. ಇಷ್ಟು ಹೊತ್ತಿಗೆ ಮಳೆಗೆ ಎಲ್ಲ ತೊಳೆದುಹೋಗಿರಬೇಕಲ್ಲ?

ಯಾವ ವಸ್ತು ಅನ್ನುವುದರ ಮೇಲೆ ಹೋಗುತ್ತದೆ. ಪೆಟ್ರೋಲಿನ ಹಗುರ ಭಾಗ ಆವಿಯಾಗುತ್ತದೆ, ಒಂದಷ್ಟನ್ನು ಮಣ್ಣಿನ ಬ್ಯಾಕ್ಟೀರಿಯಾಗಳು ತಿಂದು ಮುಗಿಸುತ್ತವೆ. ಸೀಸ, ಆರ್ಸೆನಿಕ್, ಪಾದರಸ, ಕ್ಯಾಡ್ಮಿಯಂ ಹಾಗಲ್ಲ. ಅವು ಮೂಲವಸ್ತುಗಳು; ಕೊಳೆತು ಇನ್ನೊಂದಾಗುವುದಿಲ್ಲ. ನೂರು ವರ್ಷದ ಹಿಂದೆ ಚೆಲ್ಲಿದ ಸೀಸ ಇವತ್ತೂ ಸೀಸವೇ. ಕಲ್ಲಿದ್ದಲಿನ ಟಾರ್ ಕೂಡ ಹಠಮಾರಿ, ದಶಕಗಟ್ಟಲೆ ಹಾಗೇ ಕೂತಿರುತ್ತದೆ.

ಇನ್ನು ‘ಮಳೆಗೆ ತೊಳೆದುಹೋಗಿದೆ’ ಎಂಬ ಮಾತು. ತೊಳೆದು ಹೋಗಿದ್ದು ಎಲ್ಲಿಗೆ ಎಂದು ಕೇಳಬೇಕು. ಕೆಳಕ್ಕೆ, ಅಂತರ್ಜಲಕ್ಕೆ. ಅದು ಪರಿಹಾರವಲ್ಲ, ವಿಳಾಸ ಬದಲಾವಣೆ.

ನೋಡಲು ಜಾಗ ಚೆನ್ನಾಗೇ ಇದೆ, ಹುಲ್ಲು ಬೆಳೆದಿದೆ. ಒಳಗೇನಿದೆ ಅಂತ ತಿಳಿಯುವುದು ಹೇಗೆ?

ಮೊದಲು ಅಗೆಯುವುದಲ್ಲ, ಓದುವುದು. ಹಳೆಯ ನಕ್ಷೆಗಳು, ವೈಮಾನಿಕ ಚಿತ್ರಗಳು, ಲೈಸೆನ್ಸ್ ಕಡತಗಳು, ಅಗ್ನಿಶಾಮಕದವರ ದಾಖಲೆ, ಸಿಕ್ಕರೆ ಕಾರ್ಖಾನೆಯ ಡ್ರೈನೇಜ್ ನಕ್ಷೆ. ಇಲ್ಲಿ ಏನು ತಯಾರಾಗುತ್ತಿತ್ತು, ಎಣ್ಣೆಯ ಟ್ಯಾಂಕು ಎಲ್ಲಿತ್ತು, ತೊಳೆದ ನೀರು ಯಾವ ಕಡೆಗೆ ಹರಿಯುತ್ತಿತ್ತು, ಒಂದೇ ಜಾಗದಲ್ಲಿ ಒಂದರ ಹಿಂದೆ ಒಂದು ಎಷ್ಟು ಉದ್ಯಮಗಳು ಬಂದುಹೋದವು. ಇದನ್ನು ಮೊದಲ ಹಂತದ ಪರಿಶೀಲನೆ ಅನ್ನುತ್ತಾರೆ. ಇಡೀ ಕೆಲಸದಲ್ಲಿ ಅತಿ ಅಗ್ಗದ ಭಾಗ ಇದು, ಜನ ಮೊದಲು ಕೈಬಿಡುವುದೂ ಇದನ್ನೇ.

ಕಾಗದದಲ್ಲಿ ಸಿಗದ್ದು ಮನುಷ್ಯರಲ್ಲಿ ಸಿಗುತ್ತದೆ. ಒಮ್ಮೆ ಮುಚ್ಚಿದ ಯಂತ್ರಭಾಗದ ಕಾರ್ಖಾನೆಯೊಂದರ ನಕ್ಷೆ ಹಿಡಿದು ಎಲ್ಲೆಲ್ಲಿ ಕೊರೆಯಬೇಕೆಂದು ಸುಣ್ಣದಲ್ಲಿ ಗುರುತು ಹಾಕಿಸುತ್ತಿದ್ದೆ. ಅಲ್ಲೇ ಫಿಟ್ಟರ್ ಆಗಿ ನಿವೃತ್ತರಾದ ಹಿರಿಯರೊಬ್ಬರು ಗೇಟಿನ ಬಳಿ ನಿಂತು ನೋಡುತ್ತಿದ್ದವರು ಒಳಗೆ ಬಂದರು. “ಅಲ್ಲಲ್ಲ ಸರ್, ಅಲ್ಲಿ ಏನೂ ಇಲ್ಲ, ಇಲ್ಲಿ ಕೊರೆಸಿ” ಎಂದು ಚಪ್ಪಲಿ ಕಾಲಲ್ಲಿ ನೆಲ ಗೀರಿ ತೋರಿಸಿದರು. ಬಿಡಿಭಾಗಗಳ ಗ್ರೀಸು ತೊಳೆದ ದ್ರಾವಕವನ್ನು ಸುರಿಯುವ ಗುಂಡಿ ಅಲ್ಲಿತ್ತಂತೆ. ನಕ್ಷೆಯಲ್ಲಿ ಆ ಜಾಗ ಹೂದೋಟ. ಕೊರೆದಾಗ ಮೂರು ಮೀಟರ್ ಕೆಳಗಿನ ಜೇಡಿಮಣ್ಣು ಸಿಹಿಯಾದ, ತಲೆ ಹಿಡಿಯುವಂಥ ವಾಸನೆ ಹೊತ್ತು ಮೇಲೆ ಬಂತು.

ಎರಡನೆಯ ಹಂತ ಕೊರೆಯುವುದು. ಕೊಳವೆಯೊಳಗಿನಿಂದ ಮಣ್ಣಿನ ಉದ್ದನೆಯ ತುಂಡು ಹೊರಬಂದಾಗ ಅದನ್ನು ಮೇಜಿನ ಮೇಲೆ ಮಲಗಿಸಿ ಪದರ ಪದರವಾಗಿ ನೋಡುತ್ತೇವೆ. ಮೇಲೆ ಇಟ್ಟಿಗೆ ಚೂರು, ಬೂದಿ, ಕಿಟ್ಟ ಸೇರಿದ ತುಂಬು ಮಣ್ಣು. ಅದರ ಕೆಳಗೆ ಕಪ್ಪು ಪಟ್ಟಿ. ಆಮೇಲೆ ನಿಜವಾದ ನೆಲ. ಕಲ್ಲಿದ್ದಲಿನಿಂದ ಅನಿಲ ತಯಾರಿಸುತ್ತಿದ್ದ ಹಳೆಯ ಗ್ಯಾಸ್ ಕಾರ್ಖಾನೆಗಳಲ್ಲಾದರೆ ಒಮ್ಮೊಮ್ಮೆ ಗಾಢ ನೀಲಿ ಮಣ್ಣು ಬರುತ್ತದೆ, ಬಟ್ಟೆಗೆ ಹಾಕುವ ನೀಲಿಯ ಹಾಗೆ. ಅನಿಲವನ್ನು ಶುದ್ಧಮಾಡಲು ಕಬ್ಬಿಣದ ಆಕ್ಸೈಡಿನ ಮೂಲಕ ಹಾಯಿಸುತ್ತಿದ್ದರು. ಅನಿಲದಲ್ಲಿದ್ದ ಸಯನೈಡ್ ಆ ಕಬ್ಬಿಣದ ಜೊತೆ ಸೇರಿ ನೀಲಿಯಾಗುತ್ತಿತ್ತು. ಕೆಲಸಕ್ಕೆ ಬಾರದ ಆ ನೀಲಿ ಕಸವನ್ನು ಹಿತ್ತಲಲ್ಲೇ ಸುರಿಯುತ್ತಿದ್ದರು. ಅದರ ಜೊತೆಗೆ ನುಸಿಗುಳಿಗೆಯ ವಾಸನೆ ಬಂದರೆ ಹತ್ತಿರದಲ್ಲೇ ಟಾರ್ ಇದೆ ಅಂತ ಲೆಕ್ಕ, ಅದು ನ್ಯಾಫ್ತಲೀನ್.

ಯಾವ ಉದ್ಯಮದಿಂದ ಯಾವ ವಿಷ?

ಚರ್ಮ ಹದಮಾಡುವಲ್ಲಿ ಮತ್ತು ಲೋಹಕ್ಕೆ ಲೇಪ ಕೊಡುವಲ್ಲಿ ಕ್ರೋಮಿಯಂ. ಬ್ಯಾಟರಿ ಮತ್ತು ಬಣ್ಣದ ಕಾರ್ಖಾನೆಯಲ್ಲಿ ಸೀಸ. ಮರವನ್ನು ಹುಳ ಹಿಡಿಯದಂತೆ ಮದ್ದು ಹಾಕಿ ಹದಮಾಡುವ ಕಡೆ ಆರ್ಸೆನಿಕ್, ತಾಮ್ರ, ಕ್ರಿಯೋಸೋಟ್ ಎಂಬ ಟಾರ್ ಎಣ್ಣೆ. ಹಳೆಯ ಟ್ರಾನ್ಸ್‌ಫಾರ್ಮರುಗಳ ಎಣ್ಣೆಯಲ್ಲಿ ಪಿಸಿಬಿ ಎಂಬ, ಸುಲಭಕ್ಕೆ ಕೊಳೆಯದ ಕ್ಲೋರಿನ್ ರಾಸಾಯನಿಕ. ಡ್ರೈ ಕ್ಲೀನಿಂಗ್ ಅಂಗಡಿ ಎಂದರೆ ಯಾರಿಗೂ ಅನುಮಾನ ಬರುವುದಿಲ್ಲ, ಆದರೆ ಅಲ್ಲಿ ಬಳಸುವ ಕ್ಲೋರಿನ್ ದ್ರಾವಕ ಒಂದು ಸಣ್ಣ ಮಳಿಗೆಯಿಂದಲೇ ಇಡೀ ಬೀದಿಯ ಅಂತರ್ಜಲವನ್ನು ಕೆಡಿಸಬಲ್ಲದು. ಅಗ್ನಿಶಾಮಕ ನೊರೆ ಬಳಸಿ ಅಭ್ಯಾಸ ಮಾಡಿದ ಜಾಗಗಳಲ್ಲಿ ಪಿಎಫ್‌ಎಎಸ್ ಗುಂಪಿನ, ಸುಲಭಕ್ಕೆ ಒಡೆಯದ ರಾಸಾಯನಿಕಗಳು. ಇವುಗಳನ್ನು ಹುಡುಕಲು ಶುರುಮಾಡಿದ್ದೇ ಇತ್ತೀಚೆಗೆ. ಹಾಗಾಗಿ ಹಳೆಯ ವರದಿಯಲ್ಲಿ ಇವುಗಳ ಹೆಸರು ಇಲ್ಲದಿದ್ದರೆ, ಪರೀಕ್ಷಿಸಿಯೇ ಇರಲಿಲ್ಲ ಎಂದಷ್ಟೇ ಅರ್ಥ ಇರಬಹುದು.

ವರದಿಯಲ್ಲಿ ‘ಪತ್ತೆಯಾಗಿಲ್ಲ’ ಎಂದಿದೆ. ಅಂದರೆ ಜಾಗ ಶುದ್ಧ ತಾನೆ?

ಈ ಪ್ರಶ್ನೆಗೆ ನಾನು ಪ್ರತಿಸಲವೂ ಮೂರು ಮರುಪ್ರಶ್ನೆ ಹಾಕುತ್ತೇನೆ. ಎಷ್ಟು ಕಡೆ ಕೊರೆದಿದ್ದಾರೆ? ಕೊರೆದ ತೂತು ಒಂದು ಗೇಣಿಗಿಂತ ಅಗಲ ಇರುವುದಿಲ್ಲ. ಹತ್ತು ಎಕರೆಯಲ್ಲಿ ಐದು ತೂತು ಕೊರೆದು ಏನೂ ಇಲ್ಲ ಅನ್ನುವುದು, ಹುಲ್ಲಿನ ಬಣವೆಗೆ ಐದು ಸಲ ಕಡ್ಡಿ ಚುಚ್ಚಿ ಒಳಗೆ ಸೂಜಿ ಇಲ್ಲ ಅಂದ ಹಾಗೆ. ಎಷ್ಟು ಆಳ ಹೋಗಿದ್ದಾರೆ? ಮತ್ತೆ, ಮಾದರಿಯನ್ನು ಹೇಗೆ ಸಾಗಿಸಿದರು? ಆವಿಯಾಗುವ ರಾಸಾಯನಿಕಗಳಿಗೆ ಮಣ್ಣನ್ನು ತಕ್ಷಣ ಬಿಗಿ ಮುಚ್ಚಳದ ಗಾಜಿನ ಸೀಸೆಗೆ ತುಂಬಿ ಐಸ್ ಪೆಟ್ಟಿಗೆಯಲ್ಲಿ ಇಡಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮಧ್ಯಾಹ್ನದ ಬಿಸಿಲಲ್ಲಿ ಜೀಪಿನ ಹಿಂದೆ ಬಿಟ್ಟರೆ ಬೆಂಜೀನ್ ದಾರಿಯಲ್ಲೇ ಹಾರಿಹೋಗುತ್ತದೆ, ಲ್ಯಾಬಿನವರು ಪ್ರಾಮಾಣಿಕವಾಗಿ ‘ಪತ್ತೆಯಾಗಿಲ್ಲ’ ಎಂದು ಬರೆಯುತ್ತಾರೆ.

ವಿಷ ನೆಲದೊಳಗಿದ್ದರೆ ಮೇಲಿರುವವರಿಗೇನು?

ಈ ವಿದ್ಯೆಯೆಲ್ಲ ನಿಂತಿರುವುದು ಒಂದು ಸರಳ ಲೆಕ್ಕದ ಮೇಲೆ. ವಿಷದ ಮೂಲ ಇರಬೇಕು, ಅದು ಸಾಗುವ ದಾರಿ ಇರಬೇಕು, ದಾರಿಯ ಕೊನೆಗೆ ಒಬ್ಬ ಮನುಷ್ಯನೋ ಕೆರೆಯೋ ಇರಬೇಕು. ಮೂರೂ ಕೂಡಿದರೆ ಮಾತ್ರ ಅಪಾಯ. ಶುದ್ಧೀಕರಣ ಅಂದರೆ ಈ ಸರಪಳಿಯನ್ನು ಎಲ್ಲೋ ಒಂದು ಕಡೆ ಕಡಿಯುವುದು.

ದಾರಿಗಳು ಹಲವು. ಮಣ್ಣಲ್ಲಿ ಆಡಿ ಬೆರಳು ಬಾಯಿಗಿಡುವ ಮಗು, ಗಾಳಿಗೆ ಏಳುವ ಧೂಳು, ಕೊಳವೆಬಾವಿ. ಯಾರ ಕಣ್ಣಿಗೂ ಬೀಳದ ದಾರಿ ಆವಿಯದ್ದು. ಟ್ರೈಕ್ಲೋರೋಎಥಿಲೀನ್ ಎಂಬ ದ್ರಾವಕವನ್ನೇ ನೋಡಿ. ಯಂತ್ರಗಳ ಗ್ರೀಸು ತೆಗೆಯಲು ಇದನ್ನು ಧಾರಾಳವಾಗಿ ಬಳಸುತ್ತಿದ್ದರು. ಅದು ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಪೆಟ್ರೋಲಿನ ಹಾಗೆ ಅಂತರ್ಜಲದ ಮೇಲೆ ತೇಲದೆ ಕೆಳಕ್ಕಿಳಿದು, ಬಂಡೆಯ ಬಿರುಕುಗಳಲ್ಲಿ ಕೂತು, ಅಲ್ಲಿಂದ ಚೂರುಚೂರೇ ಕರಗುತ್ತಿರುತ್ತದೆ. ಕುಡಿಯುವ ನೀರಿನಲ್ಲಿ ಅಮೆರಿಕ ಇದಕ್ಕೆ ಇಟ್ಟಿರುವ ಮಿತಿ ಲೀಟರಿಗೆ 5 ಮೈಕ್ರೋಗ್ರಾಂ. ಕರಗಿದ ನೀರಿನಿಂದ ಆವಿ ಮೇಲೇರಿ, ಪಾಯದ ಬಿರುಕಿನಿಂದಲೋ ಪೈಪು ತೂರಿಸಿದ ಸಂದಿನಿಂದಲೋ ಮನೆಯೊಳಗೆ ಬರುತ್ತದೆ. ಹಾನಿ ಮಾಡುವಷ್ಟು ಇದ್ದಾಗಲೂ ಮೂಗಿಗೆ ಗೊತ್ತಾಗುವುದಿಲ್ಲ. ಹಾಗಾಗಿ ‘ವಾಸನೆಯೇ ಇಲ್ಲವಲ್ಲ’ ಅನ್ನುವುದು ಸಮಾಧಾನವಲ್ಲ.

ಡಚ್ಚರಿಗೆ ಇದರ ಪಾಠ ಲೆಕರ್‌ಕರ್ಕ್ ಎಂಬ ಊರಿನಲ್ಲಿ ಆಯಿತು. 1970ರ ದಶಕದ ಆರಂಭದಲ್ಲಿ ಕಸದಿಂದ ತುಂಬಿಸಿದ್ದ ಕಾಲುವೆಗಳ ಮೇಲೆ ಅಲ್ಲಿ ಬಡಾವಣೆ ಎದ್ದಿತು. ತುಂಬಿಸಿದ್ದರಲ್ಲಿ ರಾಸಾಯನಿಕದ ಡ್ರಮ್ಮುಗಳೂ ಇದ್ದವು. 1980ರಲ್ಲಿ ನೂರಾರು ಮನೆಯವರನ್ನು ಎಬ್ಬಿಸಿ, ಮನೆಗಳ ಕೆಳಗಿನ ಮಣ್ಣನ್ನು ತೆಗೆಯಬೇಕಾಯಿತು.

ಎಷ್ಟು ಶುಚಿಮಾಡಿದರೆ ಸಾಕು?

ಹೆಚ್ಚು ಜಗಳ ಆಗುವುದು ಇದರ ಮೇಲೆಯೇ. ಲೆಕರ್‌ಕರ್ಕ್ ಆದಮೇಲೆ ಡಚ್ಚರು ದೊಡ್ಡ ಮನಸ್ಸಿನಿಂದ ಒಂದು ಗುರಿ ಇಟ್ಟುಕೊಂಡರು: ಶುಚಿಮಾಡಿದ ನೆಲ ಯಾವ ಬಳಕೆಗೂ ಯೋಗ್ಯವಾಗಿರಬೇಕು. ಖರ್ಚಿನ ಲೆಕ್ಕ ಎದ್ದು ನಿಂತಾಗ ಕೈ ಸೋತಿತು. 1990ರ ದಶಕದ ಕೊನೆಗೆ, ಬಳಕೆಗೆ ತಕ್ಕಷ್ಟು ಶುಚಿ ಎಂಬ ನೀತಿಗೆ ಬಂದರು. ಈಗ ಬಹುತೇಕ ದೇಶಗಳದ್ದು ಇದೇ ದಾರಿ. ಲಾರಿ ನಿಲ್ಲಿಸುವ ಜಾಗಕ್ಕೆ ಒಂದು ಮಿತಿ, ಕಚೇರಿಗೆ ಇನ್ನೊಂದು, ಮಕ್ಕಳು ಆಡುವ ಹಿತ್ತಲಿರುವ ಮನೆಗೆ ಅತಿ ಬಿಗಿಯಾದದ್ದು.

ನನಗೆ ಈ ತತ್ವ ಒಪ್ಪಿಗೆ, ಬಳಸುವ ರೀತಿಯಲ್ಲಿ ತಕರಾರಿದೆ. ‘ಕಚೇರಿಗೆ ಸಾಕು’ ಎಂದು ಶುಚಿಮಾಡಿದ ಜಾಗದಲ್ಲಿ ಹದಿನೈದು ವರ್ಷದ ಮೇಲೆ ನರ್ಸರಿ ಶಾಲೆ ತೆರೆಯುತ್ತಾರೆ. ಆ ‘ಸಾಕು’ ಎಂಬ ಮಾತಿನ ಹಿಂದಿದ್ದ ಷರತ್ತು ಆಗ ಯಾರ ನೆನಪಿನಲ್ಲೂ ಇರುವುದಿಲ್ಲ. ಕೊಡೈಕೆನಾಲಿನಲ್ಲಿ 2001ರಲ್ಲಿ ಮುಚ್ಚಿದ ಥರ್ಮಾಮೀಟರ್ ಕಾರ್ಖಾನೆಯ ಪಾದರಸದ ವಿಚಾರದಲ್ಲೂ ವರ್ಷಗಟ್ಟಲೆ ನಡೆದ ವಾದ ಇದೇ ಬಗೆಯದ್ದು: ಕಿಲೋ ಮಣ್ಣಿಗೆ 20 ಮಿಲಿಗ್ರಾಂ ಎಂಬ ಗುರಿ, ಪಕ್ಕದಲ್ಲೇ ಕಾಡು, ನೀರು ಇರುವಾಗ ಸಾಕೇ ಎಂಬುದು. ಸಂಖ್ಯೆ ಲ್ಯಾಬಿನಿಂದ ಬರುತ್ತದೆ. ‘ಸಾಕು’ ಅನ್ನುವುದನ್ನು ಮಾತ್ರ ಮನುಷ್ಯರೇ ಹೇಳಬೇಕು, ಯಾರನ್ನು ಕೂರಿಸಿಕೊಂಡು ಹೇಳಿದರು ಅನ್ನುವುದೂ ಮುಖ್ಯ.

ಶುಚಿಮಾಡುವುದು ಹೇಗೆ?

ಒಂದೇ ಮದ್ದು ಎಲ್ಲದಕ್ಕೂ ಇಲ್ಲ. ಒಂದೇ ಜಾಗದಲ್ಲಿ ಮೂರು ನಾಲ್ಕು ವಿಧಾನ ಒಟ್ಟಿಗೆ ಬಳಸುವುದೇ ಹೆಚ್ಚು.

ಮಣ್ಣು ತೊಳೆಯುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಅದರ ಹಿಂದಿನ ಯುಕ್ತಿ ಚಂದ ಇದೆ. ಮಣ್ಣಿನಲ್ಲಿ ಜಲ್ಲಿ, ಮರಳು, ನುಣುಪು ಜೇಡಿ ಎಲ್ಲ ಬೆರೆತಿರುತ್ತದೆ. ವಿಷ ಅಂಟಿಕೊಳ್ಳುವುದು ಬಹುಪಾಲು ನುಣುಪು ಕಣಗಳಿಗೆ, ಏಕೆಂದರೆ ಅಂಟಿಕೊಳ್ಳಲು ಮೈ ಹೆಚ್ಚಿರುವುದು ಅವಕ್ಕೇ. ಆದ್ದರಿಂದ ಇಡೀ ಮಣ್ಣನ್ನು ನೀರಿನಲ್ಲಿ ಕದಡಿ, ಜರಡಿಯಾಡಿಸಿ, ಉಜ್ಜಿ, ಜಲ್ಲಿ ಮರಳನ್ನು ಬೇರೆ ಮಾಡಿದರೆ ಅವನ್ನು ಅಲ್ಲೇ ಮತ್ತೆ ಬಳಸಬಹುದು. ಉಳಿಯುವ ನುಣ್ಣನೆಯ ಕೆಸರನ್ನು ಹಿಂಡಿ ಬಿಲ್ಲೆಯ ಹಾಗೆ ಮಾಡಿ ಬೇರೆ ವಿಲೇವಾರಿ ಮಾಡುತ್ತಾರೆ. ಬೆಟ್ಟದಷ್ಟು ತೊಂದರೆ ಗುಡ್ಡದಷ್ಟಾಗುತ್ತದೆ. 2012ರ ಲಂಡನ್ ಒಲಿಂಪಿಕ್ಸ್‌ನ ಉದ್ಯಾನ ಎದ್ದಿದ್ದು ಹೀಗೇ. ಲೀ ನದಿ ಕಣಿವೆಯ ಕೆಳಭಾಗದ ಆ ಜಾಗದಲ್ಲಿ ಹಿಂದೆ ರಾಸಾಯನಿಕ ಕಾರ್ಖಾನೆಗಳು, ಗುಜರಿ ಅಂಗಳಗಳು, ಕಸದ ಗುಂಡಿಗಳು ಇದ್ದವು. 200ಕ್ಕೂ ಹೆಚ್ಚು ಕಟ್ಟಡ ಕೆಡವಿ, ಸ್ಥಳದಲ್ಲೇ ಮಣ್ಣು ತೊಳೆಯುವ ಯಂತ್ರಗಳನ್ನು ಹೂಡಿ, ಬಹುಪಾಲು ಮಣ್ಣನ್ನು ಅಲ್ಲಿಯೇ ಮರುಬಳಕೆ ಮಾಡಿದರು. ಆದರೆ ನೆಲವೇ ಅಪ್ಪಟ ಜೇಡಿಯಾಗಿದ್ದರೆ ಈ ಯುಕ್ತಿ ನಡೆಯುವುದಿಲ್ಲ, ಬೇರ್ಪಡಿಸಲು ಮರಳೇ ಇರುವುದಿಲ್ಲವಲ್ಲ.

ಎಣ್ಣೆ, ಡೀಸೆಲ್ ಬಿದ್ದ ಮಣ್ಣಿಗೆ ಗಾಳಿ, ತೇವ, ಸಾರಜನಕ ಕೊಟ್ಟು ಬ್ಯಾಕ್ಟೀರಿಯಾಗಳಿಗೆ ಬಿಟ್ಟುಬಿಡುವುದು ಒಳ್ಳೆಯದು. ಹಠಮಾರಿ ಸಾವಯವ ರಾಸಾಯನಿಕಗಳಿಗೆ ಮಣ್ಣನ್ನು ನೂರಾರು ಡಿಗ್ರಿ ಕಾಯಿಸಿ ಆವಿ ಹಿಡಿಯುತ್ತಾರೆ. ಕೆಲಸ ಬೇಗ, ಇಂಧನದ ಬಿಲ್ಲು ದೊಡ್ಡದು. ಲೋಹಗಳನ್ನು ಸಿಮೆಂಟು, ಸುಣ್ಣ ಬೆರೆಸಿ ಕದಲದಂತೆ ಕಟ್ಟಿಹಾಕಬಹುದು. ಕ್ರೋಮಿಯಂನ ಆರು ವೇಲೆನ್ಸಿಯ ರೂಪ ವಿಷಕಾರಿ, ನೀರಲ್ಲಿ ಸರಾಗವಾಗಿ ಹರಿಯುವಂಥದ್ದು. ಫೆರಸ್ ಸಲ್ಫೇಟಿನಂಥದ್ದು ಕೊಟ್ಟರೆ ಮೂರು ವೇಲೆನ್ಸಿಯ ರೂಪಕ್ಕೆ ಇಳಿದು ಮಣ್ಣಿಗೆ ಅಂಟಿ ಕೂರುತ್ತದೆ.

ಅಂತರ್ಜಲದ್ದೇ ಕಷ್ಟ. ನೀರೆತ್ತಿ ಶುದ್ಧಮಾಡಿ ಬಿಡುವ ಪಂಪುಗಳನ್ನು ಹೂಡುತ್ತಾರೆ. ಮೊದಲ ವರ್ಷಗಳಲ್ಲಿ ವಿಷದ ಪ್ರಮಾಣ ಸರಸರ ಇಳಿಯುತ್ತದೆ, ಎಲ್ಲರಿಗೂ ಖುಷಿ. ಆಮೇಲೆ ಗ್ರಾಫು ಮಲಗಿಬಿಡುತ್ತದೆ. ಪಂಪು ನಿಲ್ಲಿಸಿ ಆರು ತಿಂಗಳು ಬಿಟ್ಟು ನೋಡಿದರೆ ಮತ್ತೆ ಏರಿರುತ್ತದೆ, ಜೇಡಿ ಪದರದೊಳಗೆ ಹೊಕ್ಕಿದ್ದೆಲ್ಲ ನಿಧಾನಕ್ಕೆ ಹೊರಬರುತ್ತಿರುತ್ತದೆ. ಅದಕ್ಕೇ ಈಗ ಹಲವೆಡೆ ನೀರು ಹರಿಯುವ ದಾರಿಗೆ ಅಡ್ಡಲಾಗಿ ಕಬ್ಬಿಣದ ಪುಡಿ ತುಂಬಿದ ಕಂದಕ ಮಾಡುತ್ತಾರೆ. ನೀರು ಹಾಯುತ್ತದೆ, ಕ್ಲೋರಿನ್ ದ್ರಾವಕ ದಾರಿಯಲ್ಲೇ ಒಡೆಯುತ್ತದೆ, ಪಂಪಿನ ಕರೆಂಟು ಖರ್ಚೂ ಇಲ್ಲ.

ಗಿಡ ನೆಟ್ಟರೆ ಅವೇ ವಿಷ ಹೀರಿಕೊಳ್ಳುತ್ತವಂತಲ್ಲ?

ಹೀರುತ್ತವೆ, ಸುಳ್ಳಲ್ಲ. ಪ್ಟೆರಿಸ್ ವಿಟ್ಟಾಟ ಎಂಬ ಜರೀಗಿಡ ಆರ್ಸೆನಿಕ್ಕನ್ನು ಎಲೆಗಳಲ್ಲಿ ರಾಶಿ ಹಾಕಿಕೊಳ್ಳುತ್ತದೆ ಎಂದು 2001ರಲ್ಲಿ ಪ್ರಕಟವಾದಾಗ ದೊಡ್ಡ ಸುದ್ದಿಯಾಗಿತ್ತು. ಆದರೆ ಬೇರು ಹೋಗುವಷ್ಟು ಆಳಕ್ಕೆ ಮಾತ್ರ, ಬೆಳೆದಷ್ಟು ವೇಗಕ್ಕೆ ಮಾತ್ರ. ಮಾಲಿನ್ಯ ತೆಳುವಾಗಿ ಮೇಲ್ಪದರದಲ್ಲೇ ಹರಡಿದ್ದು, ಹತ್ತಿಪ್ಪತ್ತು ವರ್ಷ ಕಾಯುವ ತಾಳ್ಮೆ ಇದ್ದರೆ ಸರಿ. ಕೊಯ್ದ ಸೊಪ್ಪು ಗೊಬ್ಬರಕ್ಕೆ ಬಾರದು, ಅದೇ ಈಗ ವಿಷದ ಕಸ. ಹಸಿರು ಕಾಣಿಸಿದ ಕೂಡಲೇ ಶುದ್ಧವಾಯಿತು ಎಂದು ಫೋಟೊ ಹಾಕುವ ಉತ್ಸಾಹಕ್ಕೆ ನನ್ನ ವಿರೋಧವಿದೆ.

ಎಲ್ಲ ಅಗೆದು ಲಾರಿಗೆ ತುಂಬಿ ಸಾಗಿಸಿದರೆ ಕಥೆ ಮುಗಿಯಿತಲ್ಲ?

ನಿಮ್ಮ ಕಥೆ ಮುಗಿಯಿತು, ಇನ್ನೊಬ್ಬರದ್ದು ಶುರುವಾಯಿತು. ಭೋಪಾಲದ ಕೀಟನಾಶಕ ಕಾರ್ಖಾನೆಯಲ್ಲಿ ಅನಿಲ ಸೋರಿದ್ದು 1984ರ ಡಿಸೆಂಬರ್‌ನಲ್ಲಿ. ಅಲ್ಲಿ ಕೂಡಿಟ್ಟಿದ್ದ ಸುಮಾರು 337 ಟನ್ ತ್ಯಾಜ್ಯ ಆವರಣ ಬಿಟ್ಟು ಹೊರಟಿದ್ದು 2025ರ ಜನವರಿಯಲ್ಲಿ, ನಲವತ್ತು ವರ್ಷದ ಮೇಲೆ. ಸುಡಲು ಪೀಥಂಪುರಕ್ಕೆ ಒಯ್ದಾಗ ಅಲ್ಲಿನ ಜನ ಬೀದಿಗಿಳಿದರು. ಅವರದ್ದೇನು ತಪ್ಪು? ಸುಟ್ಟ ಮೇಲೆ ಬೂದಿ ಉಳಿಯುತ್ತದೆ, ಅದಕ್ಕೂ ಒಂದು ಊರು ಬೇಕು. ಅಷ್ಟಾಗಿ ಹೊರಗೆ ಹೋಗಿದ್ದು ಗೋದಾಮಿನಲ್ಲಿದ್ದ ತ್ಯಾಜ್ಯ; ಮಣ್ಣು, ಅಂತರ್ಜಲದ ಪ್ರಶ್ನೆ ಅಲ್ಲೇ ಉಳಿದಿದೆ.

ಅಗೆದು ಸಾಗಿಸುವುದು ಕೆಲವು ಕಡೆ ಅನಿವಾರ್ಯ. ಮಾಲಿನ್ಯ ಒಂದೇ ಕಡೆ ಗಟ್ಟಿಯಾಗಿ ಕೂತಿದ್ದರೆ ಅದನ್ನು ಕಿತ್ತು ತೆಗೆಯುವುದೇ ಸರಿ. ಇಡೀ ಜಾಗವನ್ನು ಹಾಗೆ ಮಾಡುವುದು ಸೋಮಾರಿ ದಾರಿ.

ಹಳೆಯ ಕಟ್ಟಡಗಳನ್ನು ಕೆಡವಲೇಬೇಕೇ?

ಬೇಡ, ಆದರೆ ಮೊದಲು ಕಲ್ನಾರಿನ (ಆಸ್ಬೆಸ್ಟಾಸ್) ಸಮೀಕ್ಷೆ ಆಗಬೇಕು. ಹಳೆಯ ಶೀಟುಗಳಲ್ಲಿ, ಬಾಯ್ಲರ್ ಪೈಪಿನ ಸುತ್ತು ಹೊದಿಕೆಯಲ್ಲಿ ಕಲ್ನಾರು ಇದ್ದೇ ಇರುತ್ತದೆ ಎಂದುಕೊಂಡೇ ಹೊರಡಿ. ಜೆಸಿಬಿ ನುಗ್ಗಿಸಿ ಒಡೆದರೆ ಅದರ ಎಳೆಗಳು ಗಾಳಿಗೆ ಸೇರುತ್ತವೆ.

ಉಳಿಸಿಕೊಂಡವರಲ್ಲಿ ನನಗೆ ಅಚ್ಚುಮೆಚ್ಚು ಜರ್ಮನಿಯ ಡ್ಯೂಸ್‌ಬರ್ಗ್. ಅಲ್ಲಿನ ಕಬ್ಬಿಣದ ಕಾರ್ಖಾನೆ 1985ರಲ್ಲಿ ನಿಂತಿತು. ಭೂದೃಶ್ಯ ವಿನ್ಯಾಸಕಾರ ಪೀಟರ್ ಲಾಟ್ಸ್ ಅದನ್ನು ಕೆಡವದೆ ಉದ್ಯಾನವಾಗಿಸಿದರು, 1994ರಲ್ಲಿ ಜನರಿಗೆ ತೆರೆಯಿತು. ಅನಿಲ ತುಂಬಿಡುತ್ತಿದ್ದ ದೊಡ್ಡ ತೊಟ್ಟಿಯಲ್ಲಿ ಈಗ ನೀರು ತುಂಬಿದೆ, ಜನ ಅದರಲ್ಲಿ ಮುಳುಗು ಈಜು ಕಲಿಯುತ್ತಾರೆ. ಅದಿರು ತುಂಬುತ್ತಿದ್ದ ಬಂಕರುಗಳ ಗೋಡೆಯ ಮೇಲೆ ಹತ್ತುವ ಅಭ್ಯಾಸ. ಕುಲುಮೆ ತುಕ್ಕು ಹಿಡಿದು ಹಾಗೇ ನಿಂತಿದೆ. ತೀರಾ ಕೆಟ್ಟ ಮಣ್ಣನ್ನು ಮಾತ್ರ ಬಂಕರಿನೊಳಗೆ ಹಾಕಿ ಮುಚ್ಚಿಬಿಟ್ಟರು. ಸಿಯಾಟಲ್ ನಗರದ ಗ್ಯಾಸ್ ವರ್ಕ್ಸ್ ಪಾರ್ಕ್ ಇದಕ್ಕೂ ಹಿಂದಿನದು. 1956ರಲ್ಲಿ ನಿಂತ ಅನಿಲ ಕಾರ್ಖಾನೆಯ ಗೋಪುರಗಳನ್ನು ಉಳಿಸಿಕೊಂಡೇ 1975ರಲ್ಲಿ ಅದು ಉದ್ಯಾನವಾಯಿತು. ಅಲ್ಲಿನ ಮಣ್ಣಿಗೆ ಬ್ಯಾಕ್ಟೀರಿಯಾ ಚಿಕಿತ್ಸೆಯನ್ನೂ ಆಗಲೇ ಪ್ರಯೋಗಿಸಿದ್ದರು. ಹಾಗೆಂದು ಅಷ್ಟಕ್ಕೇ ಮುಗಿಯಲಿಲ್ಲ, ಪಕ್ಕದ ಸರೋವರದ ತಳದ ಕೆಸರಿನ ತಲೆನೋವು ಈ ಶತಮಾನಕ್ಕೂ ಬಂತು.

ಖರ್ಚು ಯಾರು ಕೊಡಬೇಕು?

ಕೆಡಿಸಿದವನೇ ಕೊಡಬೇಕು ಎಂಬುದು ಒಪ್ಪಿತ ತತ್ವ. ಭಾರತದ ಸುಪ್ರೀಂ ಕೋರ್ಟ್ 1996ರಲ್ಲಿ ರಾಜಸ್ಥಾನದ ಬಿಛ್ರಿ ಪ್ರಕರಣದಲ್ಲಿ ಇದನ್ನೇ ಎತ್ತಿಹಿಡಿಯಿತು. ಕಷ್ಟ ಏನೆಂದರೆ, ಕೆಡಿಸಿದವನು ಹುಡುಕಿದರೆ ಸಿಗುವುದಿಲ್ಲ. ಕಂಪನಿ ದಿವಾಳಿ, ಅದನ್ನು ಕೊಂಡವನು ಇನ್ನೊಬ್ಬನಿಗೆ ಮಾರಿದ್ದಾನೆ, ಜಾಗ ನಾಲ್ಕು ಕೈ ದಾಟಿದೆ.

ಅಮೆರಿಕದ ಲವ್ ಕೆನಾಲ್ ಇದಕ್ಕೆ ಹಳೆಯ ಉದಾಹರಣೆ, ಆದರೂ ಹೇಳಲೇಬೇಕು. 1940ರ ದಶಕದಿಂದ 1953ರವರೆಗೆ ನಯಾಗರ ಫಾಲ್ಸ್ ನಗರದ ಒಂದು ಹಳೆಯ ಕಾಲುವೆಗೆ ರಾಸಾಯನಿಕ ಕಂಪನಿಯೊಂದು 20,000 ಟನ್‌ಗೂ ಹೆಚ್ಚು ತ್ಯಾಜ್ಯ ಸುರಿದು, ಮಣ್ಣು ಮುಚ್ಚಿ, ಶಾಲಾ ಮಂಡಳಿಗೆ 1 ಡಾಲರಿಗೆ ಬರೆದುಕೊಟ್ಟಿತು. ಕೆಳಗೆ ರಾಸಾಯನಿಕ ಇದೆ, ಮುಂದೆ ಏನಾದರೂ ಆದರೆ ನಾವು ಹೊಣೆಯಲ್ಲ ಎಂದು ಕ್ರಯಪತ್ರದಲ್ಲೇ ಬರೆದಿತ್ತು. ಅದರ ಮೇಲೆ ಶಾಲೆ ಕಟ್ಟಿದರು, ಸುತ್ತ ಮನೆಗಳು ಬಂದವು. 1978ರಲ್ಲಿ ಅಧ್ಯಕ್ಷ ಕಾರ್ಟರ್ ತುರ್ತುಸ್ಥಿತಿ ಸಾರಿ ಜನರನ್ನು ತೆರವು ಮಾಡಿಸಬೇಕಾಯಿತು. ಅದರಿಂದ ಹುಟ್ಟಿದ್ದೇ, ಇಂಥ ಜಾಗಗಳನ್ನು ಹೊಣೆಗಾರರಿಂದ ಶುಚಿಮಾಡಿಸುವ 1980ರ ಸೂಪರ್‌ಫಂಡ್ ಕಾನೂನು. ಈ ಕಾನೂನು ಎಷ್ಟು ಬಿಗಿಯಾಗಿತ್ತೆಂದರೆ, ಜಾಗದ ಈಗಿನ ಒಡೆಯನ ಮೇಲೂ ಹೊಣೆ ಬೀಳುತ್ತಿತ್ತು. ಅದರ ಅಡ್ಡಪರಿಣಾಮವಾಗಿ ಹಳೆಯ ಕಾರ್ಖಾನೆ ಜಾಗ ಅಂದರೆ ಕೊಳ್ಳುವವರು ಮಾರುದೂರ ಓಡತೊಡಗಿದರು. ಸರಿಯಾಗಿ ಪರಿಶೀಲಿಸಿ ಕೊಂಡವನಿಗೆ ರಕ್ಷಣೆ ಕೊಟ್ಟು, ಶುದ್ಧೀಕರಣಕ್ಕೆ ಅನುದಾನ ಇಟ್ಟು, ಅವರನ್ನು ವಾಪಸು ಕರೆಯಲು ಬಂದದ್ದೇ ಮೇಲೆ ಹೇಳಿದ 2002ರ ಕಾನೂನು. ಭಾರತದಲ್ಲಿ ಕಲುಷಿತ ಜಾಗಗಳ ನಿರ್ವಹಣೆಗೆಂದೇ ಪ್ರತ್ಯೇಕ ನಿಯಮಗಳು ಬಂದದ್ದು 2025ರಲ್ಲಿ.

ಎಷ್ಟು ಸಮಯ ಬೇಕು?

ಸಣ್ಣ ಪೆಟ್ರೋಲ್ ಬಂಕಿನ ಮಣ್ಣಿಗೆ ಕೆಲವು ತಿಂಗಳು. ದೊಡ್ಡ ಕಾರ್ಖಾನೆಗೆ ವರ್ಷಗಳು. ದ್ರಾವಕ ಸೇರಿದ ಅಂತರ್ಜಲಕ್ಕೆ ದಶಕಗಳು. ಮೂರೇ ತಿಂಗಳಲ್ಲಿ ಎಲ್ಲ ಮುಗಿಸಿಕೊಡುತ್ತೇನೆ ಅನ್ನುವವರ ಲೆಕ್ಕದಲ್ಲಿ ಅಂತರ್ಜಲ ಸೇರಿರುವುದಿಲ್ಲ.

ಶುಚಿಯಾದ ಜಾಗದಲ್ಲಿ ಏನು ಬರಬೇಕು? ಮನೆಯೇ, ಪಾರ್ಕೇ?

ಶುಚಿಮಾಡುವ ಮೊದಲೇ ಇದು ತೀರ್ಮಾನವಾಗಬೇಕು. ಕೆಟ್ಟ ಮಣ್ಣಿರುವ ಮೂಲೆಗೆ ವಾಹನ ನಿಲ್ದಾಣ, ಒಳ್ಳೆಯ ಭಾಗಕ್ಕೆ ಮನೆ ಎಂದು ನಕ್ಷೆ ಬರೆಯುವಾಗಲೇ ಜೋಡಿಸಿದರೆ ಅರ್ಧ ಖರ್ಚು ಅಲ್ಲೇ ಉಳಿಯುತ್ತದೆ. ಅಗೆಯಲೇಬಾರದ ಮುಚ್ಚಿದ ಗುಂಡಿಗಳ ಮೇಲೆ ನೆಲಕ್ಕೆ ಚುಚ್ಚದೆ ಕೂರಿಸುವ ಸೌರಫಲಕ ಒಳ್ಳೆಯ ಉಪಾಯ.

ಜಾಗ ಯಾರ ಪಾಲಿಗೆ ಅನ್ನುವುದು ಬೇರೆ ಜಗಳ. ಮುಂಬಯಿಯ ಬಟ್ಟೆ ಗಿರಣಿಗಳ ಜಾಗಕ್ಕೆ 1991ರ ನಿಯಮ ಸರಿಸುಮಾರು ಮೂರು ಪಾಲು ಹೇಳಿತ್ತು: ಒಂದು ನಗರದ ಬಯಲು ಜಾಗಕ್ಕೆ, ಒಂದು ಸಾರ್ವಜನಿಕ ವಸತಿಗೆ, ಒಂದು ಮಾಲೀಕರಿಗೆ. 2001ರ ತಿದ್ದುಪಡಿ ಬಂದಮೇಲೆ ಈ ಹಂಚಿಕೆ ಗಿರಣಿಯೊಳಗೆ ಮೊದಲಿನಿಂದ ಖಾಲಿಯಿದ್ದ ನೆಲಕ್ಕಷ್ಟೇ ಅನ್ವಯ ಎಂದಾಯಿತು. 2006ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಮಾನ್ಯ ಮಾಡಿತು. ಕಾಗದದಲ್ಲಿ ಬದಲಾಗಿದ್ದು ಕೆಲವೇ ಪದ, ಕೈತಪ್ಪಿದ್ದು ಪಾರ್ಕು, ಮನೆಗಳ ಎಷ್ಟೋ ಎಕರೆ.

ಕೆಲಸ ನಡೆಯುವಾಗ ಅಕ್ಕಪಕ್ಕದವರು ಏನು ಗಮನಿಸಬೇಕು?

ಧೂಳು. ಮಣ್ಣಿನ ರಾಶಿಗೆ ಹೊದಿಕೆ ಇದೆಯೇ, ನೀರು ಹೊಡೆಯುತ್ತಿದ್ದಾರೆಯೇ, ಲಾರಿ ಗೇಟು ದಾಟುವ ಮುನ್ನ ಗಾಲಿ ತೊಳೆಯುತ್ತಾರೆಯೇ, ಮೇಲೆ ಟಾರ್ಪಾಲಿನ್ ಕಟ್ಟಿದೆಯೇ. ಮಣ್ಣು ಎಲ್ಲಿಗೆ ಹೋಗುತ್ತಿದೆ ಎಂದು ಲಾರಿ ಚೀಟಿಯಲ್ಲಿ ಇರಬೇಕು. ಹೊಸ ವಾಸನೆ ಬಂದರೆ ದಿನಾಂಕ, ಹೊತ್ತು, ಗಾಳಿಯ ದಿಕ್ಕು ಬರೆದಿಟ್ಟುಕೊಳ್ಳಿ. ‘ಮೊನ್ನೆ ಏನೋ ವಾಸನೆ’ ಎಂದು ದೂರಿದರೆ ಯಾರೂ ಕೇಳುವುದಿಲ್ಲ.

ಅಂಥ ಜಾಗದಲ್ಲಿ ಮನೆ ಕೊಳ್ಳುತ್ತಿದ್ದೇನೆ. ಏನೇನು ಕೇಳಲಿ? ಹಿತ್ತಲಲ್ಲಿ ತರಕಾರಿ ಬೆಳೆಯಬಹುದೇ?

ಶುದ್ಧೀಕರಣಕ್ಕೆ ಮುಂಚಿನ ವರದಿ, ಆಮೇಲಿನ ಪರಿಶೀಲನಾ ವರದಿ ಎರಡನ್ನೂ ಕೇಳಿ. ಎರಡನೆಯದನ್ನು ಮಾತ್ರ ಕೊಟ್ಟರೆ ಸುಮ್ಮನಾಗಬೇಡಿ. ಏನಿತ್ತು ಅನ್ನುವುದೇ ಗೊತ್ತಿಲ್ಲದಿದ್ದರೆ ಏನು ಹೋಯಿತು ಎಂದು ತಿಳಿಯುವುದು ಹೇಗೆ? ಯಾವ ಬಳಕೆಯ ಮಿತಿಗೆ ಶುಚಿಮಾಡಿದ್ದಾರೆ, ಮನೆಗೋ ಕಚೇರಿಗೋ? ಆವಿ ತಡೆಯುವ ಹಾಳೆ ನೆಲದ ಕೆಳಗೆ ಹಾಸಿದ್ದಾರೆಯೇ? ಕೊಳವೆಬಾವಿಗೆ ನಿಷೇಧ ಇದೆಯೇ? ಮೇಲೆ ಹಾಕಿದ ಶುದ್ಧ ಮಣ್ಣಿನ ದಪ್ಪ ಎಷ್ಟು?

ತರಕಾರಿಯ ಉತ್ತರ ಆ ದಪ್ಪದಲ್ಲಿದೆ. ನನ್ನನ್ನು ಕೇಳಿದರೆ ತಳಕ್ಕೆ ಬಟ್ಟೆ ಹಾಸಿ, ಹೊರಗಿನಿಂದ ತಂದ ಮಣ್ಣು ತುಂಬಿದ ಎತ್ತರದ ಮಡಿಯಲ್ಲಿ ಬೆಳೆಯಿರಿ. ಸೊಪ್ಪು, ಗೆಡ್ಡೆಗಳಿಗೆ ಮಣ್ಣು ಅಂಟುವುದು ಹೆಚ್ಚು, ಚೆನ್ನಾಗಿ ತೊಳೆಯಬೇಕು.

ಎಲ್ಲ ಮುಗಿದ ಮೇಲೆ ನೋಡಿಕೊಳ್ಳುವವರು ಯಾರು?

ಒಪ್ಪಂದ ಮಾಡುವಾಗ ಯಾರೂ ಕೇಳದ ಪ್ರಶ್ನೆ ಇದು. ವಿಷವನ್ನು ಪೂರ್ತಿ ತೆಗೆಯದೆ ಮುಚ್ಚಿಟ್ಟಿದ್ದರೆ, ಆ ಮುಚ್ಚಳವನ್ನು ಕಾಯುವುದಕ್ಕೆ ಒಬ್ಬರು ಬೇಕು, ಅದಕ್ಕೆ ದುಡ್ಡು ಬೇಕು, ಕ್ರಯಪತ್ರದಲ್ಲಿ ಮಾತ್ರವಲ್ಲ ನಗರದ ನಕ್ಷೆಯಲ್ಲೂ ಗುರುತಿರಬೇಕು. ಲವ್ ಕೆನಾಲಿನ ಪತ್ರದಲ್ಲೂ ಬರೆದಿತ್ತಲ್ಲ.

ಮುಚ್ಚುವಾಗ ಕೆಟ್ಟ ಮಣ್ಣಿಗೂ ಶುದ್ಧ ಮಣ್ಣಿಗೂ ನಡುವೆ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಬಲೆ ಹಾಸುವ ರೂಢಿಯಿದೆ. ಮುಂದೆ ಯಾರಾದರೂ ಅಗೆದರೆ ಅದು ಕಾಣಿಸಿ, ಇಲ್ಲಿಗೆ ನಿಲ್ಲಿಸಿ ಅನ್ನಬೇಕು. ನಾನೇ ಹಾಸಿಸಿದ್ದ ಒಂದು ಜಾಗಕ್ಕೆ ಆರು ವರ್ಷದ ಮೇಲೆ ಹೋದಾಗ ಕೇಬಲ್ಲಿಗೆ ಕಂದಕ ತೋಡುತ್ತಿದ್ದರು. ಬಲೆಯ ತುಂಡುಗಳು ಮಣ್ಣಿನ ರಾಶಿಯ ಮೇಲೆ ಬಿದ್ದಿದ್ದವು. ಅದೇನು ಅಂತ ಕೇಳಿದೆ. “ಗೊತ್ತಿಲ್ಲಣ್ಣ, ಸನಿಕೆಗೆ ಸಿಕ್ಕಿಹಾಕಿಕೊಳ್ಳುತ್ತಿತ್ತು, ಕತ್ತರಿಸಿ ಹಾಕಿದೆವು” ಎಂದ ಹುಡುಗ. ಅವನ ಕೈಗೆ ಗ್ಲೌಸ್ ಇರಲಿಲ್ಲ. ಕೆಲಸ ಕೊಟ್ಟವರ ಬಳಿ ಇದ್ದ ನಕ್ಷೆಯಲ್ಲಿ ಬಲೆಯ ಸುಳಿವೇ ಇರಲಿಲ್ಲ.